ಬದಲಿ ಮನೆ

ಜೂನ್ ೪

ಪ್ರೀತಿಯ ಶೇಕಡಾ,

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಅತ್ತಿಗೆ ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಫೋನು ಇರುವುದು ನಿನ್ನ ಅಣ್ಣನ ಮಂಚದ ಪಕ್ಕದಲ್ಲಿ, ನಾನು ಹೇಳಬೇಕಾಗಿರುವುದು ಅವರದೇ ವಿಷಯ.

ಮೊದಲು ಒಳ್ಳೆ ಸುದ್ದಿ. ನನ್ನ ಲಾಂಡ್ರಿ ಭರ್ಜರಿಯಾಗಿ ನಡೆಯುತ್ತಿದೆ. ವಾರಕ್ಕೊಮ್ಮೆ ಬಟ್ಟೆ ಕೊಡುತ್ತಿದ್ದವರು ಈಗ ಎರಡು ದಿನಕ್ಕೊಮ್ಮೆ ಹೊತ್ತು ತರುತ್ತಾರೆ. ಒಗೆದು ಹಗ್ಗದ ಮೇಲೆ ಹಾಕಿದ ಬಟ್ಟೆ ಸಂಜೆಯೊಳಗೆ ಮಸಿ ಹಿಡಿದು ಮತ್ತೆ ನೀರಿಗೆ ಬೀಳುತ್ತದೆ. ಗಲೀಜು ಹೆಚ್ಚಿದಷ್ಟೂ ನನಗೆ ಆದಾಯ. ಇದನ್ನು ನಿಮ್ಮ ಅರ್ಥಶಾಸ್ತ್ರದವರು ಎಲ್ಲಿ ಬರೆದುಕೊಳ್ಳುತ್ತೀರಿ, ಲಾಭದ ಕಡೆಗಾ?

ಈಗ ಉಳಿದದ್ದು ಕೇಳು. ಈಚೆಗೆ ಬಟ್ಟೆಗೆ ತೂತು ಬೀಳುತ್ತಿದೆ. ಇಬ್ಬನಿ ಬಿದ್ದ ಬೆಳಗ್ಗೆ ಬಿಳಿ ಬಟ್ಟೆ ಹೊರಗಿದ್ದರೆ ಮೊದಲು ಹಳದಿ ಚುಕ್ಕೆ, ಎರಡು ಒಗೆತ ಆದಮೇಲೆ ಚುಕ್ಕೆ ಇದ್ದ ಕಡೆ ತೂತು. ಇಸ್ತ್ರಿಯಲ್ಲಿ ನಾನೇ ಸುಟ್ಟೆ ಅಂತ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ನಾನು ಕತ್ತೆತ್ತಿ ಕಾರ್ಖಾನೆಯ ಚಿಮಣಿ ನೋಡುತ್ತೇನೆ. ಅವರೂ ನೋಡುತ್ತಾರೆ. ಅಲ್ಲಿಗೆ ಜಗಳ ಮುಗಿಯುತ್ತದೆ. ಅವರ ಮನೆಯ ಸಂಬಳವೂ ಅಲ್ಲಿಂದಲೇ ತಾನೆ ಬರುವುದು.

ನಿನ್ನ ಅಣ್ಣ ಕೆಮ್ಮುತ್ತಾರೆ. ಎಲ್ಲರೂ ಕೆಮ್ಮುತ್ತಾರೆ, ನಿಜ. ಆದರೆ ಅವರು ಕೂತು ನಡೆಸುವ ಕ್ರೇನಿನ ಗೂಡು ಕುಲುಮೆಯ ನೆತ್ತಿಯ ಮೇಲಿದೆ. ಕೆಳಗೆ ತಾಮ್ರ ಕರಗಿದಾಗ ಏಳುವ ಹೊಗೆಯೆಲ್ಲ ಮೊದಲು ಹೋಗುವುದು ಅಲ್ಲಿಗೆ. ಬಟ್ಟೆಗೆ ಹೀಗೆ ಮಾಡುವುದು ಎದೆಯೊಳಗೆ ಏನು ಮಾಡೀತು ಅಂತ ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ.

ನನ್ನ ತಮ್ಮ ಬಂದರಿನಲ್ಲಿ ಅವರಿಗೆ ಕ್ರೇನ್ ಕೆಲಸ ನೋಡಿದ್ದಾನೆ. ಸಮುದ್ರದ ಗಾಳಿ, ಬಯಲಿನ ಕೆಲಸ. ಸಂಬಳ ಸ್ವಲ್ಪ ಕಡಿಮೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ನಿನ್ನ ಅಣ್ಣನಿಗೆ ಹೇಳಿದರೆ, "ತಮ್ಮ ನಮ್ಮ ಊರಿನ ಮೇಲೇ ಅಲ್ವಾ ಇಷ್ಟು ವರ್ಷ ಸಂಶೋಧನೆ ಮಾಡಿರೋದು? ಅವನು ಹೋಗು ಅಂದ್ರೆ ಹೋಗ್ತೀನಿ, ಇರು ಅಂದ್ರೆ ಇರ್ತೀನಿ" ಅಂದರು. ನನ್ನ ಮಾತಿಗೆ ಬೆಲೆ ಇಲ್ಲ, ಅದು ಬಿಡು. ನಿನ್ನ ಮಾತಿಗೆ ಇದೆ. ಹೋಗು ಅಂತ ಒಂದು ಮಾತು ಬರೆ.

ಹೊಟ್ಟೆ ತುಂಬಿತಾ ಅಂದರೆ ಎಂಬತ್ತು ಪರ್ಸೆಂಟ್ ಅನ್ನುತ್ತಿದ್ದವನು ಈಗ ನೂರಕ್ಕೆ ನೂರು ತಿನ್ನುತ್ತಿದ್ದೀಯ ಅಂದುಕೊಂಡಿದ್ದೇನೆ.

ನಿನ್ನ ಅತ್ತಿಗೆ


ಜೂನ್ ೧೫

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಕಾಗದ ಓದಿ ಮೊದಲು ಗಾಬರಿಯಾಯಿತು. ಆಮೇಲೆ ನನ್ನ ಮೇಜಿನ ಮೇಲಿರುವುದನ್ನು ನೋಡಿ ಸಮಾಧಾನವಾಯಿತು. ಆ ಸಮಾಧಾನವನ್ನೇ ನಿಮಗೂ ಕಳುಹಿಸುತ್ತಿದ್ದೇನೆ.

ಬಡ ಊರಿಗೆ ಕಾರ್ಖಾನೆ ಬಂದಾಗ ಮೊದಲು ಎರಡು ಕೇಡು ಆಗುತ್ತವೆ. ಕೆಲವರಿಗೆ ಮಾತ್ರ ದುಡ್ಡಾಗುತ್ತದೆ, ಗಾಳಿ ನೀರು ಎಲ್ಲರಿಗೂ ಕೆಡುತ್ತದೆ. ಆದರೆ ಆದಾಯ ಬೆಳೆಯುತ್ತಾ ಹೋದಂತೆ ಒಂದು ತಿರುವು ಬರುತ್ತದೆ. ಕೆಳಗಿನವರ ಕೈಯಲ್ಲೂ ಕಾಸು ಓಡಾಡತೊಡಗಿದಾಗ ಜನ ಒಳ್ಳೆಯ ಗಾಳಿ ಕೇಳುತ್ತಾರೆ, ಕಾರ್ಖಾನೆ ಕೊಡಬೇಕಾಗುತ್ತದೆ. ಗುಡ್ಡ ಹತ್ತಿ ಇಳಿದ ಹಾಗೆ. ನೀವೀಗ ಗುಡ್ಡದ ತುದಿಯಲ್ಲಿ ನಿಂತು ಏದುಸಿರು ಬಿಡುತ್ತಿದ್ದೀರಿ, ಇನ್ನು ಇಳಿಜಾರು.

ಇದು ಬರೀ ಪುಸ್ತಕದ ಮಾತಲ್ಲ. ನಿಮ್ಮ ಬೀದಿಯಲ್ಲಿ ಎಂಟು ವರ್ಷದಿಂದ ನಮ್ಮವರು ಮನೆಮನೆಗೆ ಹೋಗಿ ಕೇಳಿದ್ದಾರೆ: ಆದಾಯ ಎಷ್ಟು, ಹೊಗೆಯಿಂದ ತೊಂದರೆ ಎಷ್ಟು, ಕಾಯಿಲೆ ಯಾರಿಗೆ. ಆದಾಯ ಏರಿದೆ. ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಕಿರಿದಾಗಿದೆ. ಹೊಗೆಯ ದೂರು ಮೂರು ವರ್ಷದಿಂದ ಇಳಿಯುತ್ತಲೇ ಇದೆ. ಎಷ್ಟೋ ದೇಶಗಳವರು ಹುಡುಕುತ್ತಿದ್ದ ತಿರುವು ನಮ್ಮ ಬೀದಿಯಲ್ಲೇ ಸಿಕ್ಕಿದೆ. ವರದಿ ಮುಂದಿನ ತಿಂಗಳು ಸರ್ಕಾರಕ್ಕೆ ಹೋಗುತ್ತದೆ. ಒಂದು ಪ್ರತಿ ಅಣ್ಣನಿಗೂ ಇಟ್ಟಿದ್ದೇನೆ.

ಬಟ್ಟೆಯ ತೂತು ಈ ವರ್ಷದ ಇಬ್ಬನಿಯ ದೆಸೆಯಿಂದ ಇರಬಹುದು. ಒಂದು ವರ್ಷದ ಏರಿಳಿತ ನೋಡಿ ತೀರ್ಮಾನಕ್ಕೆ ಬರಬಾರದು. ಈಗ ಮನೆ ಮಾರಿ ಹೋದರೆ ಕೆಟ್ಟ ದಿನಗಳನ್ನೆಲ್ಲ ಅನುಭವಿಸಿ ಒಳ್ಳೆಯ ದಿನಗಳನ್ನು ಇನ್ನೊಬ್ಬರಿಗೆ ಕೊಟ್ಟು ಹೋದ ಹಾಗೆ. ಅಣ್ಣನಿಗೆ ಹೇಳಿ, ಇರಲಿ.

ತಿನ್ನುವುದು ಎಪ್ಪತ್ತೈದಕ್ಕೆ ಇಳಿದಿದೆ. ನಿಮ್ಮ ಕೈ ಅಡುಗೆ ಇಲ್ಲದ್ದೇ ಕಾರಣ.

ನಿಮ್ಮ ಶೇಕಡಾ


ಜುಲೈ ೨

ಪ್ರೀತಿಯ ಶೇಕಡಾ,

ಬಂದರಿನ ಕೆಲಸ ಬೇಡ ಅಂತ ನಿನ್ನ ಅಣ್ಣ ಹೇಳಿಬಿಟ್ಟರು. ನೀನು ಅಷ್ಟು ಖಂಡಿತವಾಗಿ ಬರೆದ ಮೇಲೆ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿನ್ನನ್ನು ಸಾಕಿ ಓದಿಸಿದ್ದು ನಾವೇ, ಈಗ ನಿನ್ನ ಮಾತು ನಂಬದಿದ್ದರೆ ಹೇಗೆ.

ವರದಿ ಬಂದ ದಿನದಿಂದ ಅವರನ್ನು ಹಿಡಿಯುವವರಿಲ್ಲ. ಕೆಲಸ ಮುಗಿಸಿ ಬಂದವರು ನೇರ ಲಾಂಡ್ರಿಗೆ ಬಂದು, ಇಸ್ತ್ರಿ ಮೇಜಿನ ಅರ್ಧ ಆಕ್ರಮಿಸಿಕೊಂಡು, ಬಂದವರಿಗೆಲ್ಲ ಓದಿ ಹೇಳುತ್ತಾರೆ. ಅದರಲ್ಲಿ ಗುಡ್ಡದ ಹಾಗೆ ಒಂದು ಗೆರೆ ಇದೆಯಲ್ಲ, ಅದರ ಮೇಲೆ ಬೆರಳಿಟ್ಟು, "ನಾವೀಗ ಇಲ್ಲಿದ್ದೀವಿ. ಇನ್ನು ಇಳಿಯೋದು ಅಷ್ಟೇ. ನನ್ನ ತಮ್ಮ ಬರೆದಿರೋದು" ಅನ್ನುತ್ತಾರೆ. ಹೊಗೆ ಹೆಚ್ಚಾಗಿ ಕೆಮ್ಮು ಬಂದರೆ ಸ್ವಲ್ಪ ಕೆಮ್ಮಿ, ಮತ್ತೆ ಬೆರಳು ಅಲ್ಲೇ ಇಡುತ್ತಾರೆ.

ಎದುರುಮನೆಯ ಬಡಗಿ ಗಂಟುಮೂಟೆ ಕಟ್ಟಿದ್ದ. ಅವನಿಗೆ ಮೂರು ಚಿಕ್ಕ ಮಕ್ಕಳು. ಕೊನೆಯವಳು ಮಲಗಿದರೆ ಸೀಟಿ ಊದಿದ ಹಾಗೆ ಉಸಿರಾಡುತ್ತಾಳೆ. ನಿನ್ನ ಅಣ್ಣ ಎರಡು ಸಂಜೆ ಕೂತು ಅವನಿಗೆ ವರದಿ ಬಿಡಿಸಿ ಹೇಳಿದರು. ಅವನು ಗಾಡಿಯಿಂದ ಸಾಮಾನು ಇಳಿಸಿ ಒಳಗಿಟ್ಟುಕೊಂಡ. ಪಕ್ಕದ ಸಂದಿಯ ಇನ್ನೂ ನಾಲ್ಕೈದು ಮನೆಯವರು ಹಾಗೇ ಮಾಡಿದರು. ಬಡಗಿಯ ಹೆಂಡತಿ ನನ್ನ ಹತ್ತಿರ ಬಂದು, "ನಿಮ್ಮ ಮೈದುನರು ನೋಡಿಯೇ ಬರೆದಿರ್ತಾರೆ ಅಲ್ವಾ ಅಕ್ಕ?" ಅಂದಳು. ಹೌದು ಅಂದೆ.

ಹೌದು ತಾನೆ?

ನಿನ್ನ ಅತ್ತಿಗೆ


ಆಗಸ್ಟ್ ೧೯

ಅತ್ತಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ವರದಿಯನ್ನು ಸರ್ಕಾರ ಒಪ್ಪಿಕೊಂಡಿತು. ಮಂತ್ರಿಗಳು ಬೆನ್ನು ತಟ್ಟಿದರು. ಬೆಳವಣಿಗೆಗೆ ಅಡ್ಡಗಾಲು ಹಾಕಬೇಕಾಗಿಲ್ಲ, ಬೆಳೆದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬುದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು ಎಂದರು. ನಾನು ಅಷ್ಟು ದೂರ ಹೇಳಿರಲಿಲ್ಲ. ತಿದ್ದಲು ಹೋಗಲೂ ಇಲ್ಲ. ಅಲ್ಲಿ ತುಂಬಾ ಜನ ಇದ್ದರು.

ನಿಮ್ಮ ಕಾರ್ಖಾನೆಗೆ ಎರಡನೆಯ ಕುಲುಮೆಗೆ ಅನುಮತಿ ಸಿಕ್ಕಿದೆ. ಚಿಮಣಿಗೆ ಹೊಗೆ ಸೋಸುವ ಶೋಧಕ ಹಾಕಬೇಕೆಂಬ ಷರತ್ತನ್ನು ನನ್ನ ವರದಿಯ ಆಧಾರದ ಮೇಲೆ ಐದು ವರ್ಷ ಮುಂದಕ್ಕೆ ಹಾಕಿದ್ದಾರೆ. ಅಷ್ಟರಲ್ಲಿ ಇಳಿಜಾರು ಹೇಗೂ ಬಂದಿರುತ್ತದೆ ಎಂಬ ಲೆಕ್ಕ.

ಮುಂದಿನ ತಿಂಗಳು ಸಮೀಕ್ಷೆಗೆ ನಮ್ಮ ಹುಡುಗಿ ಬರುತ್ತಾಳೆ. ಹೊಸಬಳು. ಗದರಿಸಬೇಡಿ, ಚಹಾ ಕೊಡಿ.

ನಿಮ್ಮ ಶೇಕಡಾ


ಸೆಪ್ಟೆಂಬರ್ ೨೩

ಪ್ರೀತಿಯ ಶೇಕಡಾ,

ನಿನ್ನ ಸಮೀಕ್ಷೆಯ ಹುಡುಗಿ ಬಂದಿದ್ದಳು. ಗದರಿಸಲಿಲ್ಲ. ಪಾಪ, ಬೀದಿ ಪೂರ್ತಿ ನಡೆದು ಕಾಲು ಊದಿಸಿಕೊಂಡಿದ್ದಳು. ಕಾರ್ಖಾನೆ ಗೇಟಿನ ಹತ್ತಿರ ಬಸ್ಸಿಳಿದು, ಮನೆಮನೆ ತಟ್ಟುತ್ತಾ ಮೇಲಕ್ಕೆ ಬಂದಿದ್ದಾಳೆ. ಅರ್ಧಕ್ಕರ್ಧ ಮನೆಗೆ ಬೀಗ. "ಬೀಗ ಇದ್ರೆ ಏನ್ ಮಾಡ್ತೀಯಮ್ಮಾ, ಬಾಗಿಲನ್ನೇ ಕೇಳ್ತೀಯಾ?" ಅಂತ ರೇಗಿಸಿದೆ. "ಇಲ್ಲ ಆಂಟಿ, ಬದಲಿ ಮನೆ ತಗೋತೀವಿ. ಅದರ ಮುಂದಿನ ಮನೆ" ಅಂದಳು. ಮುಂದಿನ ಮನೆಗೂ ಬೀಗ ಇದ್ದರೆ ಅದರ ಮುಂದಿನದು. ಹಾಗೆ ಹೋಗಿ ಹೋಗಿ ಕೊನೆಗೆ ನೀರಿನ ಟ್ಯಾಂಕಿನ ಹತ್ತಿರದ ಹೊಸ ಬಡಾವಣೆಯ ಬ್ಯಾಂಕ್ ಮ್ಯಾನೇಜರ್ ಮನೆಗೆ ಹೋಗಿ, ಹೊಗೆಯಿಂದ ತೊಂದರೆ ಇದೆಯಾ ಅಂತ ಕೇಳಿ ಬಂದಿದ್ದಾಳೆ. ಆ ಮನುಷ್ಯ ಯಾವ ಹೊಗೆ ಅಂದನಂತೆ. ನನಗೆ ನಕ್ಕೂ ನಕ್ಕೂ ಸಾಕಾಯಿತು.

ನಗುವ ಹೊತ್ತಲ್ಲ ಅಂತ ಗೊತ್ತು. ನಿನ್ನ ಅಣ್ಣನ ಕರವಸ್ತ್ರದಲ್ಲಿ ರಕ್ತ ಕಂಡಿತು. ಬಟ್ಟೆ ಒಗೆಯುವವಳ ಹತ್ತಿರ ಅದನ್ನು ಬಚ್ಚಿಡಬಹುದು ಅಂದುಕೊಂಡರಲ್ಲ, ಅದಕ್ಕೆ ಸಿಟ್ಟು ಬಂತು. ಕೇಳಿದರೆ ಹಲ್ಲು ಅಂದರು. ಕಾರ್ಖಾನೆಯ ಡಾಕ್ಟರು ನಾಲ್ಕು ಮಾತ್ರೆ ಕೊಟ್ಟು ಕಳಿಸಿದ್ದಾರೆ. ಹೊಸ ಕುಲುಮೆಯ ಪಾಯ ತೋಡುತ್ತಿದ್ದಾರೆ, ರಾತ್ರಿ ಹಗಲು ಕಿಟಕಿ ಅದುರುತ್ತದೆ.

ಬೇಗ ಬರೆ.

ನಿನ್ನ ಅತ್ತಿಗೆ


ನವೆಂಬರ್ ೧೧

ಶೇಕಡಾ,

ಏಳು ವಾರ ಆಯಿತು. ಫೋನ್ ಮಾಡಿದರೆ ಸಭೆಯಲ್ಲಿದ್ದಾರೆ ಅನ್ನುತ್ತಾರೆ ನಿಮ್ಮ ಕಚೇರಿಯವರು. ನಿನ್ನ ಅಣ್ಣ, "ದೊಡ್ಡ ಮನುಷ್ಯ ಆಗ್ಬಿಟ್ಟ, ಬಿಡು" ಅಂತ ಸಂತೋಷಪಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿದ ದಿನ ನೀನು ಅಡುಗೆಮನೆ ಕಡೆ ಸುಳಿಯುತ್ತಿರಲಿಲ್ಲ.

ಅವರು ಕೆಲಸಕ್ಕೆ ಹೋಗಿ ಮೂರು ವಾರವಾಯಿತು. ಕ್ರೇನಿನ ಏಣಿ ಹತ್ತಲು ಆಗುತ್ತಿಲ್ಲ. ಬೀದಿ ಕಡೆಯ ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟಿದ್ದೇನೆ. ಇಲ್ಲಿಂದ ಹೋಗೋಣ ಅಂದರೆ, ಬಡಗಿಯನ್ನು ಇರು ಅಂತ ಕೂರಿಸಿ ನಾನು ಹೇಗೆ ಹೋಗಲಿ ಅನ್ನುತ್ತಾರೆ.

ಏನು ಒಡೆದೆ, ಹೇಳು.

ಅತ್ತಿಗೆ


ನವೆಂಬರ್ ೨೬

ಅತ್ತಿಗೆ,

ಬದಲಿ ಮನೆಯ ನಿಯಮ ಬರೆದವನು ನಾನು.

ನಮ್ಮ ಕೆಲಸದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಮನೆಗೆ ಬೀಗವಿದ್ದರೆ ಮುಂದಿನ ಮನೆ ತೆಗೆದುಕೋ, ಮನೆಗಳ ಸಂಖ್ಯೆ ಕಡಿಮೆಯಾಗಬಾರದು. ಬೀಗ ಯಾಕೆ ಬಿತ್ತು ಎಂದು ಕೇಳುವ ಜಾಗವೇ ಪ್ರಶ್ನೆಗಳಲ್ಲಿ ಇಲ್ಲ. ನಿಮ್ಮ ಕಾಗದ ಓದಿ ನೀವು ನಕ್ಕ ಜಾಗದಲ್ಲಿ ನಾನೂ ನಕ್ಕೆ. ಆಮೇಲೆ ಎಂಟು ವರ್ಷದ ಮನೆ ನಂಬರುಗಳನ್ನೆಲ್ಲ ತೆಗೆದು ಬೀದಿಯ ನಕ್ಷೆಯ ಮೇಲೆ ಗುರುತು ಹಾಕಿದೆ. ಮೊದಲ ವರ್ಷದ ಮನೆಗಳು ಗೇಟಿನ ಸುತ್ತ ಇದ್ದವು. ವರ್ಷ ವರ್ಷಕ್ಕೂ ಅವು ಮೇಲಕ್ಕೆ, ಟ್ಯಾಂಕಿನ ಕಡೆಗೆ ಸರಿದಿವೆ. ಬಡವರು ಬಡವರಾಗಿಯೇ ಊರು ಬಿಟ್ಟರು, ಇಲ್ಲವೇ ಸತ್ತರು. ಅವರ ಜಾಗದಲ್ಲಿ ಉಳ್ಳವರ ಉತ್ತರ ಬಂದು ಕೂತಿತು. ಆದಾಯ ಏರಿದ್ದೂ, ಅಂತರ ಕಿರಿದಾದದ್ದೂ, ಹೊಗೆಯ ದೂರು ಇಳಿದದ್ದೂ ಹೀಗೆ. ಗಾಳಿ ತಿಳಿಯಾಗಲಿಲ್ಲ ಅತ್ತಿಗೆ. ನಾವು ಗಾಳಿ ತಿಳಿಯಾಗಿರುವ ಕಡೆಗೆ ನಡೆದು ಹೋದೆವು.

ಗೇಟಿನ ಹತ್ತಿರದ ಮನೆಗಳನ್ನು ಮಾತ್ರ ಬೇರೆ ತೆಗೆದು ನೋಡಿದರೆ ಹೊಗೆಯ ಗೆರೆ ಏರುತ್ತಲೇ ಇದೆ. ತಿರುವು ಎಲ್ಲೂ ಇಲ್ಲ.

ಇದು ತಿಳಿದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿದೆ. ಮುಂದಿನ ವರದಿಯಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ ಎಂದರು. ನಾನು ಆಯಿತು ಎಂದೆ. ಎಂಟು ವಾರ ಆಯಿತು ಆಯಿತು ಎಂದುಕೊಂಡೇ ತಿರುಗಿದೆ. ನನಗೆ ಹೊಸ ಹುದ್ದೆ ಕೊಟ್ಟಿದ್ದರು. ಇದಕ್ಕಿಂತ ದೊಡ್ಡ ಕಾರಣ ಹೇಳಲು ನನ್ನಲ್ಲಿಲ್ಲ.

ಅಣ್ಣನನ್ನು ಕರೆದುಕೊಂಡು ಹೊರಟುಬಿಡಿ. ಈ ಕಾಗದ ಅವನಿಗೆ ತೋರಿಸಿ. ನಾಳೆಯೇ ಹೊರಡಿ.

ನಿಮ್ಮ ಮೈದುನ


ಡಿಸೆಂಬರ್ ೩

ಓದಿದೆ. ಎರಡು ಸಲ ಓದಿದೆ.

ನಿನ್ನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅದನ್ನು ನಿನ್ನೆದುರು ತೀರಿಸಿಕೊಳ್ಳುತ್ತೇನೆ, ಈಗ ಅದಕ್ಕೆ ಪುರುಸೊತ್ತಿಲ್ಲ.

ಅವರು ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಹೊರಗಿನಿಂದ ಡಾಕ್ಟರನ್ನು ಕರೆಸಿದ್ದೆ, ಈಗ ಅಲುಗಾಡಿಸಬೇಡಿ, ಚಳಿ ಕಳೆಯಲಿ ಅಂದರು. ಚಳಿ ಕಳೆಯುವವರೆಗೆ ಇರುತ್ತಾರಾ ಅಂತ ಕೇಳಿದೆ. ಅವರು ಚೀಟಿ ಬರೆಯುತ್ತಾ ಕೂತರು.

ನಿನ್ನ ಕಾಗದ ಅವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ಒಲೆಗೆ ಹಾಕಿದೆ. ಬಡಗಿಯ ಮಕ್ಕಳನ್ನು ತಾನು ಇಲ್ಲಿ ಕೂರಿಸಿದ್ದು ತಪ್ಪು ಲೆಕ್ಕ ನಂಬಿ ಅಂತ ಗೊತ್ತಾದರೆ ಆ ಮನುಷ್ಯ ಕೆಮ್ಮಿನಿಂದ ಸಾಯುವುದಿಲ್ಲ.

ನೀನು ಒಂದು ಕೆಲಸ ಮಾಡು. ಬೀದಿಯವರಿಗೆ ಬೇರೆ ಕಾಗದ ಬರೆ. ಗುಡ್ಡ, ಇಳಿಜಾರು ಏನೂ ಬೇಡ. ನಾನು ಬರೆದದ್ದು ತಪ್ಪು, ಇಲ್ಲಿರಬೇಡಿ, ಹೋಗಿ, ಅಂತ ಮೂರು ಸಾಲು. ಕೆಳಗೆ ನಿನ್ನ ಪೂರ್ತಿ ಹೆಸರು, ಹುದ್ದೆ, ಮೊಹರು. ಅದೇ ಸಾಲುಗಳನ್ನು ಪತ್ರಿಕೆಗೂ ಕೊಡು, ಹುದ್ದೆ ಹೋದರೆ ಹೋಗಲಿ. ಇಲ್ಲಿ ಮನೆಮನೆಗೆ ಓದುವುದು ನನಗೆ ಬಿಡು. ನಮ್ಮ ಮನೆಗೆ ಪತ್ರಿಕೆ ತರಿಸುವುದನ್ನು ನಾನು ನಿಲ್ಲಿಸುತ್ತೇನೆ.

ಅತ್ತಿಗೆ


ಜನವರಿ ೧೮

ಶೇಕಡಾ,

ನೀನು ಬರೆದ ಮೂರು ಸಾಲನ್ನು ಬಟ್ಟೆ ಕೊಡುವ ನೆಪದಲ್ಲಿ ಮನೆಮನೆಗೆ ಹೋಗಿ ಓದಿದೆ. ಬೈದವರು ಬೈದರು. ಮೊದಲು ಇರಿ ಅಂದ್ರಿ, ಈಗ ಹೋಗಿ ಅಂತೀರಿ, ನಮ್ಮನ್ನೇನು ದನ ಅಂದ್ಕೊಂಡ್ರಾ ಅಂತ ಬಡಗಿಯ ಹೆಂಡತಿ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಕೇಳಬೇಕಾದ್ದೇ. ಆದರೆ ಮಾರನೇ ದಿನವೇ ಹೊರಟರು. ಚಿಕ್ಕ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗಾಡಿಯ ಮುಂದೆ ಕೂತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಅವರ ಹಿಂದೆ ಉಳಿದವರೂ ಕಾಲು ಕಿತ್ತರು. ದಿನಾ ಒಂದೆರಡು ಗಾಡಿ. ಹೊಸ ಕುಲುಮೆಗೆ ಕಳೆದ ವಾರ ಬೆಂಕಿ ಹಾಕಿದರು. ಈಗ ಮಧ್ಯಾಹ್ನವೂ ದೀಪ ಹಚ್ಚಿಕೊಂಡು ಬಟ್ಟೆ ಮಡಿಸುತ್ತೇನೆ, ಅದೂ ನಮ್ಮಿಬ್ಬರದೇ ಬಟ್ಟೆ.

ನಿನ್ನ ಅಣ್ಣ ಕಿಟಕಿಯಿಂದ ಎಲ್ಲ ನೋಡುತ್ತಾರೆ. ಮಂಚ, ಬೀರು, ಕನ್ನಡಿ ಹೊತ್ತ ಗಾಡಿಗಳು ಹೋಗುವುದನ್ನು ನೋಡಿ ಒಂದು ದಿನ, "ಇವರೆಲ್ಲ ಎಲ್ಲಿಗೆ ಹೋಗ್ತಿದ್ದಾರೆ?" ಅಂತ ಕೇಳಿದರು. ಆಮೇಲೆ ಅವರೇ ಹೇಳಿದರು. "ಕೈಯಲ್ಲಿ ಕಾಸಾಯ್ತು ನೋಡು, ದೊಡ್ಡ ಮನೆ ಮಾಡ್ಕೊಂಡು ಮೇಲಕ್ಕೆ ಹೋಗ್ತಿದ್ದಾರೆ. ತಮ್ಮ ಹೇಳಿದ್ದ ಹಾಗೇ ಆಯ್ತು." ನಾನು ಹೂಂ ಅಂದೆ. ಈಗ ಪ್ರತಿ ಗಾಡಿಗೂ ಕೈ ಬೀಸುತ್ತಾರೆ. ಬೀಗ ಬಿದ್ದ ಮನೆಗಳನ್ನು ಬೆರಳು ಮಡಿಸಿ ಎಣಿಸಿ, ಒಳ್ಳೆಯದಾಯ್ತು, ಒಳ್ಳೆಯದಾಯ್ತು ಅನ್ನುತ್ತಾರೆ.

ನಿನ್ನ ಸಮೀಕ್ಷೆಯವರು ಎಂಟು ವರ್ಷ ಮಾಡಿದ್ದನ್ನೇ ನಾನೀಗ ಮನೆಯೊಳಗೆ ಮಾಡುತ್ತಿದ್ದೇನೆ. ನೀನು ತಿಳಿಯದೆ ಮಾಡಿದೆ, ನಾನು ತಿಳಿದೇ ಮಾಡುತ್ತಿದ್ದೇನೆ. ಇನ್ನು ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಒಂದೇ ಒಂದು ಕೇಳುತ್ತಾರೆ ದಿನಾ. ಇಳಿಜಾರು ನಮ್ಮ ಮನೆಗೆ ಯಾವಾಗ ಬರುತ್ತೆ, ತಮ್ಮ ತನ್ನ ಕೈಯಲ್ಲೇ ಬರೆದು ಕಳಿಸಲಿ ಅಂತ. ಡಾಕ್ಟರು ನಿನ್ನೆ ನನ್ನನ್ನು ಹೊರಗೆ ಕರೆದು ಮಾತಾಡಿದರು. ಬೇಗ ಬರೆ. ಏನು ಬರೆಯಬೇಕು ಅಂತ ನಿನಗೆ ಗೊತ್ತು.

ನಿನ್ನ ಅತ್ತಿಗೆ


ಜನವರಿ ೨೨

ಪ್ರೀತಿಯ ಅಣ್ಣ,

ಅತ್ತಿಗೆಯ ಕಾಗದ ಬಂತು. ನೀನು ಕೇಳಿದ್ದಕ್ಕೆ ನನ್ನ ಕೈಯಲ್ಲೇ ಉತ್ತರ ಬರೆಯುತ್ತಿದ್ದೇನೆ, ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಹುಡುಕಬೇಡ.

ನೀನು ಹೇಳಿದ್ದು ಸರಿ. ಅವರೆಲ್ಲ ಅನುಕೂಲಸ್ಥರಾಗಿ ಹೋಗುತ್ತಿದ್ದಾರೆ. ಬಡಗಿಗೆ ಹೋದ ಕಡೆ ಒಳ್ಳೆಯ ಮನೆ ಸಿಕ್ಕಿದೆಯಂತೆ, ಅವನ ಚಿಕ್ಕ ಮಗಳು ಈಗ ಸುಮ್ಮನೆ ಮಲಗುತ್ತಾಳಂತೆ. ಅಷ್ಟು ಜನಕ್ಕೆ ವರದಿ ಓದಿ ಹೇಳಿದವನು ನೀನು. ನಾನು ಬರೆದೆ ಅಷ್ಟೇ, ಅರ್ಥ ಮಾಡಿಸಿದವನು ನೀನು.

ಇಳಿಜಾರು ಯಾವಾಗ ಎಂದು ಕೇಳಿದ್ದೀಯ. ಮತ್ತೊಮ್ಮೆ ಕೂತು ನೋಡಿದೆ. ಈ ಬೇಸಿಗೆಯಿಂದಲೇ, ಅಣ್ಣ. ಮೊದಲು ನಿಮ್ಮ ಬೀದಿಗೇ ಬರುತ್ತದೆ. ಬೆಳಗ್ಗೆ ಎದ್ದರೆ ಟ್ಯಾಂಕಿನ ಆಚೆಯ ಗುಡ್ಡ ಕಾಣುತ್ತದೆ, ನಾನು ಚಿಕ್ಕವನಿದ್ದಾಗ ನೀನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದೆಯಲ್ಲ, ಹಾಗೆ.

ಈ ಕಾಗದದ ಹಿಂದೆಯೇ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಇದು ನಿನ್ನ ಕೈ ಸೇರಿದ ಮಾರನೇ ಬೆಳಗ್ಗೆ ನಿನ್ನ ಪಕ್ಕದಲ್ಲಿರುತ್ತೇನೆ. ನಾನು ಬರುವವರೆಗೆ ಹೆಚ್ಚು ಮಾತಾಡಬೇಡ.

ಗಾಳಿ ಈಗಾಗಲೇ ಎಷ್ಟೋ ಒಳ್ಳೆಯದಾಗಿದೆ, ಅಣ್ಣ. ಆದರೂ ಕಿಟಕಿ ಮುಚ್ಚಿಸಿಕೊಂಡು ಮಲಗು.

ನಿನ್ನ ತಮ್ಮ